ಜೇನು ಕರೆಯಲು ಹೋದ ದೊಡ್ಡಪ್ಪ

ಹೊಳಲ್ಕೆರೆ ಮತ್ತು ಹೊಸದುರ್ಗ, ಈ ಎರಡು ತಾಲ್ಲೂಕಿನಲ್ಲಿ ಮುನಿಸಿಕೊಂಡು ತೌರಿಗೆ ಹೋದ ಯಾವ ಸೊಸೆಯೇ ಆಗಲಿ, ನಮ್ಮ ದೊಡ್ಡಪ್ಪ ಕರೆಯಲು ಹೋದರೆ ವಾಪಸ್ಸು ಬರಲೇಬೇಕು! ಇದು ನಾನು ಉಬ್ಬಿಸಿ ಹೇಳುತ್ತಿರುವ ಮಾತಲ್ಲ. ಉಬ್ಬಿಸಿ ಹೇಳುವವನು ದೊಡ್ಡಪ್ಪ. ನಾನು ಸ್ವಲ್ಪ ಇಳಿಸಿಯೇ ಹೇಳುತ್ತಿದ್ದೇನೆ. ಅಂದಹಾಗೆ, ನಮ್ಮ ಮನೆಯಲ್ಲಿ ದೊಡ್ಡಪ್ಪನನ್ನು ಏಕವಚನದಲ್ಲೇ ಮಾತಾಡಿಸುವುದು. ಯಾರಾದರೂ ‘ಬನ್ನಿ ದೊಡ್ಡಪ್ಪ’ ಅಂದುಬಿಟ್ಟರೆ ಅಣ್ಣತಮ್ಮಂದಿರ ಆಸ್ತಿ ಭಾಗವಾಯಿತೆಂದು ಊರೇ ತಿಳಿದುಕೊಳ್ಳುತ್ತದೆ.

ಅವನು ಕರೆಯಲು ಹೋಗುವ ರೀತಿಯೇ ಬೇರೆ. ಮುನಿಸಿಕೊಂಡವಳ ತೌರುಮನೆಗೆ ಬೆಳಗಿನ ಬಸ್ಸಿಗೆ ಹೋಗುತ್ತಾನೆ. ಕಟ್ಟೆಯ ಮೇಲೆ ಕೂತು ನೀರು ಕೇಳುತ್ತಾನೆ. ಬಂದ ವಿಷಯ ಎತ್ತುವುದಿಲ್ಲ. ಅವರ ಎಮ್ಮೆಯನ್ನು ಹೊಗಳುತ್ತಾನೆ, ಅವರ ಮುದ್ದೆ ಹುಳಿಯನ್ನು ಹೊಗಳುತ್ತಾನೆ, ಉಂಡು ಅವರ ಮನೆಯಲ್ಲೇ ಒಂದು ಗಳಿಗೆ ಗೊರಕೆ ಹೊಡೆಯುತ್ತಾನೆ. ಎದ್ದು ಮುಖ ತೊಳೆದು ಟವೆಲ್ಲು ಕೊಡವಿ, ಇಡೀ ಲೋಕದಲ್ಲಿ ಏನೂ ನಡೆದೇ ಇಲ್ಲವೆಂಬಂತೆ, ‘ಏಳವ್ವ, ಹೊತ್ತಾತು, ಬಸ್ಸು ತಪ್ಪುತ್ತೆ’ ಅನ್ನುತ್ತಾನೆ. ಆ ಹೆಣ್ಣುಮಗಳು ಬ್ಯಾಗು ಹಿಡಿದು ಹಿಂದೆ ಬಂದುಬಿಡುತ್ತಾಳೆ. ಯಾಕೆ ಬರುತ್ತಾಳೆ? ಆ ದೇವರಿಗೇ ಗೊತ್ತು.

‘ಅಲ್ಲ ದೊಡ್ಡಪ್ಪ, ಯಾಕೆ ಮನೆ ಬಿಟ್ಟು ಬಂದಳು ಅಂತ ಒಂದು ಮಾತೂ ಕೇಳಲ್ವ?’ ಅಂತ ನಾನು ಒಮ್ಮೆ ಕೇಳಿದ್ದೆ.

‘ಅದನ್ನ ಮಾತ್ರ ಕೇಳ್ಬಾರ್ದು ಕಣವ್ವ. ಕೇಳಿದ್ರೆ ಹೇಳ್ತಾರೆ. ಹೇಳಿದ್ರೆ ಕೂತು ಕೇಳ್ಬೇಕಾಗ್ತೈತೆ. ಆಮೇಲೆ ಯಾವ ಮಖ ಇಟ್ಕಂಡು ಕರ್ಕಂಡು ಬರೋದು?’

ಇಂಥ ನಮ್ಮ ದೊಡ್ಡಪ್ಪನಿಗೆ ವಯಸ್ಸಾದ ಮೇಲೆ ಜೇನಿನ ಹುಚ್ಚು ಹಿಡಿಯಿತು. ಈಗಿನ ಗಂಡಹೆಂಡಿರು ಜಗಳವಾದರೆ ನೇರ ಸ್ಟೇಷನ್ನಿಗೋ ವಕೀಲರ ಹತ್ತಿರವೋ ಹೋಗುವುದರಿಂದ ಅವನಿಗೆ ಕೆಲಸ ಕಡಿಮೆಯಾಗಿತ್ತು. ಹೊಳಲ್ಕೆರೆಯಲ್ಲಿ ಜೇನು ಸಾಕಣೆ ತರಬೇತಿ ಅಂತ ಯಾರೋ ಕರೆದರು, ಇವನು ಊಟ ಚೆನ್ನಾಗಿರುತ್ತದೆ ಎಂದು ಹೋದ, ತರಬೇತಿಯ ಹೊತ್ತೆಲ್ಲ ತೂಕಡಿಸಿದ, ವಾಪಸ್ಸು ಬರುವಾಗ ಮಾತ್ರ ತುಡುವೆ ಜೇನಿನ ಪೆಟ್ಟಿಗೆಯ ಸಮೇತ ಬಂದ. ಒಂದು ಎರಡಾಗಿ, ಎರಡು ನಾಲ್ಕಾಗಿ, ಕೊನೆಗೆ ತೆಂಗಿನ ತೋಟದ ಬದುವಿನ ಉದ್ದಕ್ಕೂ ಹೊಂಗೆಮರಗಳ ಕೆಳಗೆ ಪೆಟ್ಟಿಗೆಗಳ ಸಾಲೇ ನಿಂತಿತು. ಇರುವೆ ಹತ್ತದಂತೆ ಪ್ರತಿ ಪೆಟ್ಟಿಗೆಯ ಕಾಲಿಗೂ ನೀರಿನ ಬಟ್ಟಲು. ದೊಡ್ಡಮ್ಮನ ಅಡುಗೆಮನೆಯಲ್ಲಿ ಮಜ್ಜಿಗೆ ಕುಡಿಯಲು ಒಂದು ಬಟ್ಟಲು ಉಳಿದಿರಲಿಲ್ಲ. ‘ಹುಳ ನೋಡ್ರಿ, ಎಷ್ಟು ಅನ್ಯೋನ್ಯವಾಗಿ ಅವೆ. ಒಂದು ಮನೇಲಿ ಅಷ್ಟು ಜನ, ಒಂದು ಜಗಳ ಇಲ್ಲ’ ಅಂತ ಬಂದವರಿಗೆಲ್ಲ ಮುಚ್ಚಳ ಎತ್ತಿ ತೋರಿಸುತ್ತಿದ್ದ. ಮುಚ್ಚಳ ಎತ್ತಿ ತೋರಿಸಿಕೊಂಡವರು ಕೆನ್ನೆ ಊದಿಸಿಕೊಂಡು ಹೋಗುತ್ತಿದ್ದರು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ನನಗೆ ಫೋನು ಬಂತು. ನಾನು ಇರುವುದು ಹಿರಿಯೂರಿನಲ್ಲಿ, ಗಂಡನ ಅಂಗಡಿಯ ಮೇಲಿನ ಮನೆಯಲ್ಲಿ. ಬೆಳಗಿನ ಫೋನು ಅಂದರೆ ನನಗೆ ಎದೆ ಧಸಕ್ಕೆನ್ನುತ್ತದೆ. ಸ್ವಭಾವವೇ ಹಾಗೆ, ಕುಕ್ಕರು ಒಂದು ಕೂಗು ತಡವಾಗಿ ಕೂಗಿದರೂ ಕೇಡನ್ನೇ ಯೋಚಿಸುವವಳು ನಾನು.

‘ಹೋಗ್ಬಿಟ್ಟವೆ ಕಣವ್ವ’ ಅಂದ ದೊಡ್ಡಪ್ಪ.

ನಾನು ಗೋಡೆ ಹಿಡಿದುಕೊಂಡು ‘ಯಾರು?’ ಅಂದೆ.

‘ಹುಳ. ಕೊನೇ ಪೆಟ್ಟಿಗೆಯವು. ಮುನಿಸ್ಕಂಡು ಹೋಗ್ಬಿಟ್ಟವೆ.’

ಹೋದ ಜೀವ ಬಂದಂತಾಗಿ ಚೆನ್ನಾಗಿ ಬೈದೆ. ಅವನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಪೆಟ್ಟಿಗೆಯಲ್ಲಿ ಒಂದು ಹುಳವಿಲ್ಲವಂತೆ. ಕೆಳಗೆ ಒಂದು ಹೆಣವೂ ಬಿದ್ದಿಲ್ಲವಂತೆ. ಇರುವೆ ನುಗ್ಗಿಲ್ಲ, ಮೇಣದ ಹುಳು ತಿಂದಿಲ್ಲ. ಇದನ್ನೆಲ್ಲ ನೋಡಿ ದೊಡ್ಡಪ್ಪ ತನ್ನ ಜೀವಮಾನದ ಅನುಭವವನ್ನೆಲ್ಲ ಹಿಂಡಿ ತೀರ್ಪು ಕೊಟ್ಟ: ‘ಎರಿಯಾಗೆ ಜೇನುತುಪ್ಪ ಹಂಗೇ ಐತೆ. ಹೊಟ್ಟೆಗಿಲ್ದೆ ಹೋಗಿದ್ದಲ್ಲ ಇದು. ಯಾರೋ ಏನೋ ಅಂದವ್ರೆ. ಮಾತಿಗೆ ಹೋಗಿರೋದು.’

ಮಾತಿಗೆ ಹೋದದ್ದಾದರೆ ಏನು ಮಾಡಬೇಕು? ಕರೆಯಲು ಹೋಗಬೇಕು. ಜೋಗಿಮಟ್ಟಿ ಕಡೆ ಗುಡ್ಡದಲ್ಲಿ ಜೇನು ಬೇಕಾದಷ್ಟು ಕೂತಿದೆ ಎಂದು ಯಾರೋ ಕುರಿಯವರು ಹೇಳಿದ್ದೇ ಸಾಕಾಯಿತು. ಎಲೆ ಅಡಿಕೆ, ಕೊಬ್ಬರಿ ಗಿಟುಕು, ದೊಡ್ಡಮ್ಮ ಟ್ರಂಕಿನ ತಳದಲ್ಲಿಟ್ಟಿದ್ದ ಹೊಸ ಕುಪ್ಪಸದ ಕಣ, ಎಲ್ಲ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದ. ಗುಡ್ಡದ ಬುಡದ ಒಂದು ಆಲದಮರದಲ್ಲಿ ಗೂಡು ಕಂಡಿತು. ಅದರ ಕೆಳಗೆ ಕೂತು, ಎಂದಿನಂತೆ ಬಂದ ವಿಷಯ ಎತ್ತದೆ, ಸುತ್ತಲಿನ ಗಾಳಿಯನ್ನು ಹೊಗಳಿ, ಬುತ್ತಿ ಬಿಚ್ಚಿ ಉಂಡು, ಟವೆಲ್ಲು ಹಾಸಿ ಮಲಗಿದ. ಸಂಜೆ ಮನೆಗೆ ಬಂದಾಗ ದೊಡ್ಡಮ್ಮ ಬಾಗಿಲಲ್ಲೇ ತಡೆದು ‘ಯಾರ್ರಿ ನೀವು, ಏನಾಗ್ಬೇಕಿತ್ತು?’ ಅಂತ ಕೇಳಿದಳಂತೆ. ಮುಖ ಅಷ್ಟು ಊದಿತ್ತು! ಅದು ತುಡುವೆಯ ಗೂಡಲ್ಲ, ಹೆಜ್ಜೇನಿನದು.

‘ತಪ್ಪಾಗಿ ಬ್ಯಾರೆ ಬೀಗರ ಮನೆಗೆ ಹೋಗಿದ್ದೆ’ ಅಂದನಂತೆ ದೊಡ್ಡಪ್ಪ, ತೆರೆಯಲು ಬಂದಷ್ಟು ತುಟಿಯಲ್ಲಿ.

ಅಲ್ಲಿಯವರೆಗೆ ನಾನೂ ನಗುತ್ತಿದ್ದೆ. ಆಮೇಲೆ ಎರಡನೆಯ ಪೆಟ್ಟಿಗೆ ಖಾಲಿಯಾಯಿತು. ಸಂಕ್ರಾಂತಿಯ ಹೊತ್ತಿಗೆ ಸಾಲಿನ ಅರ್ಧ ಪೆಟ್ಟಿಗೆಗಳು ಖಾಲಿಯಾಗಿ, ಅವುಗಳ ಮುಚ್ಚಳ ತೆಗೆದು ಅಂಗಾತ ಇಟ್ಟಿದ್ದರು. ಎಲ್ಲದರಲ್ಲೂ ಅದೇ ಕತೆ. ತುಪ್ಪ ಇದೆ, ಹುಳ ಇಲ್ಲ, ಹೆಣ ಇಲ್ಲ. ನಾನು ಫೋನಿನಲ್ಲಿ ಜೇನಿನ ಸುದ್ದಿ ಹುಡುಕಿ ಓದಲು ಶುರುಮಾಡಿದೆ. ನನ್ನಂಥವರ ಕೈಗೆ ಆ ಫೋನು ಕೊಡಲೇಬಾರದು! ಎಲ್ಲೆಲ್ಲೂ ಹೀಗೇ ಆಗುತ್ತಿದೆ ಎಂದು ಓದಿದ ಮೇಲಂತೂ ತುಳಸಿಕುಂಡದ ಮುಂದೆ ನಿಂತು ಹುಳ ಬಂತೇ ಎಂದು ಕಾಯುವುದೇ ಕೆಲಸವಾಯಿತು. ನಮ್ಮ ಬೀದಿಯ ಕೊನೆಗೆ ದೊಡ್ಡ ಹೊಂಗೆಮರವೊಂದಿದೆ. ಹೂಬಿಟ್ಟಾಗ ಅದರ ಕೆಳಗೆ ನಿಂತರೆ ಮರವೇ ಗುಂಯ್ ಅನ್ನುತ್ತಿತ್ತು, ಮಾತಾಡಿದರೆ ಪಕ್ಕದವರಿಗೆ ಕೇಳುತ್ತಿರಲಿಲ್ಲ. ಈ ಸಲ ನೆಲವೆಲ್ಲ ಅಕ್ಕಿ ಚೆಲ್ಲಿದ ಹಾಗೆ ಹೂ ಬಿದ್ದಿತ್ತು, ನಾನು ಕತ್ತೆತ್ತಿ ನಿಂತೇ ಇದ್ದೆ, ಏನೂ ಕೇಳಲಿಲ್ಲ. ಸ್ಕೂಟರಿನವನೊಬ್ಬ ನಿಲ್ಲಿಸಿ ‘ಏನಕ್ಕಾ, ಬೆಕ್ಕು ಹತ್ತೈತಾ?’ ಅಂತ ಕೇಳಿದ. ಹೌದು ಅಂದುಬಿಟ್ಟೆ. ನಿಜ ಹೇಳಿದ್ದರೆ ನನ್ನ ಗಂಡನಿಗೆ ಫೋನು ಮಾಡುತ್ತಿದ್ದನೋ ಏನೋ.

ಊರಿನಲ್ಲಿ ದೊಡ್ಡಪ್ಪ ಪಂಚಾಯ್ತಿ ಸೇರಿಸಿದ. ಬಸವಣ್ಣನ ಗುಡಿಕಟ್ಟೆಯ ಮೇಲೆ, ಹಾಡಹಗಲು, ಹುಳಗಳಿಗೆ ಯಾರು ಏನು ಅಂದರು ಅನ್ನುವ ವಿಚಾರಣೆ! ಊರು ಅವನ ಮುಖ ನೋಡಿ ಬಂತು. ಎಷ್ಟು ಮನೆ ಕೂಡಿಸಿದವನು, ಇಲ್ಲ ಅನ್ನುವುದು ಹೇಗೆ? ನಾನೂ ಆ ದಿನ ಅಲ್ಲಿದ್ದೆ. ಮೊದಲು ಗುಡ್ಡದ ಮೇಲಿನ, ಕರೆಂಟು ತೆಗೆಯುವ ಗಾಳಿಫ್ಯಾನಿಗೆ ಜಾಗ ಕೊಟ್ಟವನನ್ನು ಕೇಳಿದರು. ‘ಫ್ಯಾನು ತಿರುಗಕ್ಕೆ ಹತ್ತಿ ವರ್ಷಾನುಗಟ್ಲೆ ಆತು, ಹುಳ ಈಗ ಎಚ್ಚರಾದ್ವಾ?’ ಅಂದ ಅವನು. ಟವರಿಗೆ ಜಾಗ ಕೊಟ್ಟವನು, ತನ್ನ ಮನೆಯಲ್ಲೇ ಸಿಗ್ನಲ್ಲು ಸಿಗುವುದಿಲ್ಲ, ಹುಳಕ್ಕೆ ಹೇಗೆ ಸಿಗುತ್ತದೆ ಎಂದ. ದೊಡ್ಡಮ್ಮನ ಮೇಲೂ ಮೆಣಸಿನಕಾಯಿ ಒಗ್ಗರಣೆಯ ಘಾಟಿನ ಆರೋಪ ಬಂತು. ‘ಆ ಘಾಟಿಗೆ ಹೋಗೋದಾಗಿದ್ರೆ ಮೊದ್ಲು ಈ ಮನುಷ್ಯ ಹೋಗ್ಬೇಕಿತ್ತು’ ಅಂತ ದೊಡ್ಡಪ್ಪನನ್ನು ತೋರಿಸಿ, ಸೆರಗು ಸಿಕ್ಕಿಸಿಕೊಂಡು ಎದ್ದು ಹೋದಳು.

ಕೊನೆಗೆ ಉಳಿದವನು ಪಕ್ಕದ ತೋಟದ ದಾಳಿಂಬೆ ಬೆಳೆಗಾರ. ಔಷಧಿ ಹೊಡೆಯುವವನು ಅವನೇ ಆದ್ದರಿಂದ ಎಲ್ಲರ ಕಣ್ಣೂ ಅವನ ಮೇಲಿತ್ತು.

‘ಹೊಡೀತೀನಿ, ಇಲ್ಲ ಅನ್ನಲ್ಲ’ ಅಂದ ಅವನು. ‘ಹುಳ ಗೂಡು ಸೇರಿದ ಮೇಲೆ ಹೊಡೀತೀನಿ. ಈಗ ನನ್ನ ಗಿಡ ನೋಡ್ಬರ್ರಿ. ಹೂವು ಬಿಡ್ತವೆ, ಉದುರ್ತವೆ. ಕಾಯಿ ಕಚ್ಚಕ್ಕೆ ಹುಳ ಬೇಕಲ್ಲ. ನಾನು ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕ್ಕಂತೀನಾ? ನಾನು ಯಾರ ಮೇಲೆ ಪಂಚಾಯ್ತಿ ಸೇರಿಸ್ಲಿ, ಹೇಳ್ರಿ.’

ನಗೆಯಾಡಲು ಬಂದಿದ್ದವರೂ ಅವರವರ ತೋಟದ ಕಡೆ ನೋಡುತ್ತಾ ಕೂತರು. ಯಾರದೋ ಹಾಗಲದ ಚಪ್ಪರ, ಯಾರದೋ ಸೂರ್ಯಕಾಂತಿ, ಎಲ್ಲದರ ಮೇಲೂ ಇದೇ ಚಿಂತೆ ಹೋಗಿ ಕೂತಿತು.

ತೋಟಗಾರಿಕೆ ಇಲಾಖೆಯಿಂದ ಒಬ್ಬರು ಸಾಹೇಬರೂ ಬಂದು ಹೋದರು. ಒಳ್ಳೆಯ ಮನುಷ್ಯ, ಪ್ರತಿ ಪೆಟ್ಟಿಗೆಯ ಮುಂದೆಯೂ ಕುಕ್ಕರಗಾಲಲ್ಲಿ ಕೂತು ನೋಡಿದರು. ಔಷಧಿ ಇರಬಹುದು, ರೋಗ ಇರಬಹುದು, ಬಿಸಿಲು ಇರಬಹುದು, ಹೂವಿನ ಅಭಾವ ಇರಬಹುದು, ಎಲ್ಲ ಸೇರಿಯೂ ಇರಬಹುದು, ಖಚಿತವಾಗಿ ಹೀಗೇ ಅಂತ ಹೇಳಕ್ಕಾಗಲ್ಲ ಅಂದರು. ದೊಡ್ಡಪ್ಪ ಅವರನ್ನು ಬಸ್ಸು ಹತ್ತಿಸಿ ಬಂದು ನನ್ನ ಪಕ್ಕ ಕೂತ. ‘ಓದಿದೋರಿಗೂ ಗೊತ್ತಿಲ್ಲ ಅಂದ್ರೆ ಇದು ಮನೆಯೊಳಗಿನ ವಿಷ್ಯ ಕಣವ್ವ’ ಅಂದ. ನಗು ಬರಬೇಕಿತ್ತು. ಅವನ ಕೈ ಟವೆಲ್ಲಿನ ಅಂಚನ್ನು ಸುಮ್ಮನೆ ಹಿಸುಕುತ್ತಿದ್ದುದು ನೋಡಿ ಬರಲಿಲ್ಲ.

ಹೊಂಗೆ ಹೂ ಮುಗಿಯುವ ಹೊತ್ತಿಗೆ ಒಂದೇ ಪೆಟ್ಟಿಗೆ ಉಳಿಯಿತು.

ಆ ಒಂದು ಪೆಟ್ಟಿಗೆಗೆ ಸಿಕ್ಕ ಮರ್ಯಾದೆ ಯಾವ ಮನೆಯ ಅಳಿಯನಿಗೂ ಸಿಕ್ಕಿರಲಿಕ್ಕಿಲ್ಲ! ದೊಡ್ಡಪ್ಪ ಅದರ ಪಕ್ಕಕ್ಕೇ ಮಂಚ ಹಾಕಿಕೊಂಡ. ಸಕ್ಕರೆ ಪಾಕವನ್ನು ತಾನೇ ಕಾಸಿ, ತಾನೇ ಆರಿಸಿ, ತಾನೇ ಇಡುತ್ತಿದ್ದ. ತೋಟದಲ್ಲಿ ಯಾರೂ ದನಿ ಏರಿಸುವಂತಿಲ್ಲ. ಮನೆಯಲ್ಲಿ ಟೀವಿ ಧಾರಾವಾಹಿ ಬಂದ್. ಅದರಲ್ಲಿ ಅತ್ತೆಯರು ಸೊಸೆಯರಿಗೆ ಅನ್ನುವ ಮಾತು ಹುಳಕ್ಕೆ ಕೇಳಿಸಿದರೆ ಏನು ಗತಿ? ದೊಡ್ಡಮ್ಮನಿಗೆ ಸಿಟ್ಟು ಬರಬೇಕಿತ್ತು, ಆದರೆ ಅವಳು ನನ್ನ ಹತ್ತಿರ ಬೇರೆಯೇ ಹೇಳಿದಳು: ‘ಇರ್ಲಿ ಬಿಡೇ. ಹುಳ ಕೇಳಿಸ್ಕಂತವೆ ಅಂತ ನನ್ನ ಹತ್ರನೂ ಮೆತ್ತಗೆ ಮಾತಾಡ್ತಾನೆ. ಮದ್ವೆ ಆದಾಗಿಂದ ಇಷ್ಟು ಮೆತ್ತಗೆ ಮಾತಾಡಿದ್ದಿಲ್ಲ.’

ನನಗೆ ಫೋನಿನಲ್ಲಿ ಅವನ ದನಿ ದಿನದಿನಕ್ಕೆ ಸಣ್ಣದಾಗುತ್ತಿದೆ ಅನ್ನಿಸುತ್ತಿತ್ತು. ‘ಇವತ್ತು ಹೊರಗೆ ಹೋದವು ಕಮ್ಮಿ’, ‘ಇವತ್ತು ಬಾಗಿಲಾಗೇ ನಿಂತು ನಿಂತು ಒಳಗೋದ್ವು’. ಕಾಯಿಲೆ ಮಲಗಿದ ಮಗುವಿನ ಸುದ್ದಿ ಹೇಳಿದ ಹಾಗೆ ಹೇಳುತ್ತಿದ್ದ. ಒಂದು ದಿನ ತಾನಾಗಿಯೇ ಅಂದ: ‘ಹೋದೋರನ್ನ ಕರ್ಕಂಡು ಬರೋದು ನಂಗೆ ಗೊತ್ತು ಕಣವ್ವ. ಇರೋರು ಎದ್ದು ಹೋಗ್ದಂಗೆ ಇಟ್ಕಳೋದು ಹೆಂಗೆ ಅಂತ ಗೊತ್ತಿಲ್ಲ. ಇದೊಂದು ಹೋದ್ರೆ ನಾನು ಇನ್ನ ಪೆಟ್ಟಿಗೆ ಇಡಲ್ಲ.’ ಅವನು ಇಷ್ಟು ಸೋತು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಆಗ ಅವನ ತಲೆಗೆ ಆ ಉಪಾಯ ಹೊಳೆಯಿತು. ಮನೆ ಬಿಟ್ಟು ಹೋಗುವ ವಿಷಯ ಸಾಹೇಬರಿಗೆ ಗೊತ್ತಿಲ್ಲ, ಊರಿಗೆ ಗೊತ್ತಿಲ್ಲ. ಯಾರಿಗೆ ಗೊತ್ತು? ಮನೆ ಬಿಟ್ಟು ಹೋದವರಿಗೆ ಗೊತ್ತು! ತಾನು ಕರೆದುಕೊಂಡು ಬಂದ ಸೊಸೆಯರನ್ನೆಲ್ಲ ಹುಡುಕಿಕೊಂಡು ಹೋಗಿ, ಯಾಕೆ ಹೋಗಿದ್ದಿರಿ ಎಂದು ಕೇಳಿ ತಿಳಿದುಕೊಂಡು, ಆ ಕೊರತೆ ಪೆಟ್ಟಿಗೆಯಲ್ಲಿ ಇಲ್ಲದಂತೆ ನೋಡಿಕೊಂಡರೆ ಮುಗಿಯಿತಲ್ಲ! ಇಂಥ ವಿಚಾರ ನಮ್ಮ ದೊಡ್ಡಪ್ಪನನ್ನು ಬಿಟ್ಟು ಭೂಮಿಯ ಮೇಲೆ ಇನ್ನೊಬ್ಬರಿಗೆ ಬರಲು ಸಾಧ್ಯವೇ?

ದೊಡ್ಡಮ್ಮನನ್ನು ಪೆಟ್ಟಿಗೆ ಕಾಯಲು ಕೂರಿಸಿ ಹೊರಟ. ಆ ಸೊಸೆಯರೆಲ್ಲ ಈಗ ತಾವೇ ಅತ್ತೆಯರಾಗಿದ್ದರು. ಹೊಸದುರ್ಗದಲ್ಲಿದ್ದವಳು ಕಾಫಿ ಕೊಟ್ಟು, ಇವನ ಪ್ರಶ್ನೆ ಕೇಳಿಸಿಕೊಂಡು, ಮೊಮ್ಮಗನನ್ನು ಆಚೆ ಕಳಿಸಿ, ಬಹಳ ಹೊತ್ತು ನಕ್ಕಳಂತೆ. ಆಮೇಲೆ, ‘ಆ ಮನೇಲಿ ನಾನು ಒಬ್ಳೇ ಒಂದು ಗಳಿಗೆ ಕೂತ್ಕಳಕ್ಕೆ ಅಂತ ಒಂದು ಮೂಲೆ ಇರ್ಲಿಲ್ಲ ಮಾವ’ ಅಂದಳಂತೆ. ದೊಡ್ಡಪ್ಪ ಬಂದವನೇ ತೆಂಗಿನಗರಿ ಹೆಣೆದು ಪೆಟ್ಟಿಗೆಯ ಸುತ್ತ ಮರೆ ಕಟ್ಟಿದ. ಸಿರಿಗೆರೆ ಕಡೆಯವಳು, ತನ್ನ ತಟ್ಟೆಗೆ ಎಷ್ಟು ಬಿತ್ತು ಎಂದು ಅತ್ತೆ ನೋಡುತ್ತಿದ್ದಳು ಅಂದಳಂತೆ. ಅವತ್ತಿನಿಂದ ದೊಡ್ಡಪ್ಪ ಪೆಟ್ಟಿಗೆಯಿಂದ ತುಪ್ಪ ತೆಗೆಯುವುದನ್ನೇ ಬಿಟ್ಟ, ಮುಚ್ಚಳ ಎತ್ತಿ ಇಣುಕುವುದನ್ನೂ ಬಿಟ್ಟ. ಇನ್ನೊಬ್ಬಳು ಇವನನ್ನು ಕಂಡು ಬಾಗಿಲು ಹಾಕಿಕೊಂಡಳಂತೆ. ‘ಯಾಕೋ ಏನೋ’ ಅಂತ ನನಗೆ ಹೇಳಿ ಫೋನಿಟ್ಟುಬಿಟ್ಟ.

ಆಮೇಲೆ ಒಂದು ಮಧ್ಯಾಹ್ನ ಹಿರಿಯೂರಿಗೆ, ನಮ್ಮ ಮನೆಗೇ ಬಂದ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಕುರ್ಚಿಯ ತುದಿಯಲ್ಲಿ ಕೂತ. ಮುಖ ಇಳಿದುಹೋಗಿತ್ತು. ನನಗೆ ಕೂಡಲೇ ಗೊತ್ತಾಯಿತು, ಯಾಕೆ ಬಂದಿದ್ದಾನೆ ಅಂತ. ಅವನು ಕರೆದುಕೊಂಡು ಬಂದ ಹೆಣ್ಣುಮಕ್ಕಳಲ್ಲಿ ನಾನೂ ಒಬ್ಬಳು. ಮದುವೆಯಾದ ಮೂರನೆಯ ವರ್ಷ ನಾನು ತೌರಿಗೆ ಹೋಗಿ ಕೂತಿದ್ದೆ. ಅಪ್ಪ ಅಮ್ಮ ಕೇಳಿದರು, ನಾನು ಹೇಳಲಿಲ್ಲ. ದೊಡ್ಡಪ್ಪ ಕೇಳಲಿಲ್ಲ. ಅವನು ಹೊರಡಿಸಿದ, ನಾನು ಹೊರಟೆ. ನನ್ನ ಗಂಡ ಕೆಟ್ಟವರಲ್ಲ, ಸಂಸಾರ ಚೆನ್ನಾಗಿಯೇ ನಡೆದಿದೆ, ಆ ಮಾತು ಅಲ್ಲಿಗೇ ಮುಚ್ಚಿಹೋಗಿತ್ತು.

‘ನೀನು ಅವತ್ತು ಯಾಕೆ ಬಂದಿದ್ದೆ ತಾಯಿ?’ ಅಂದ. ಅಂದವನು ತಾನೇ ಗಾಬರಿಯಾಗಿ, ‘ಹುಳದ ವಿಷ್ಯಕ್ಕೇ ಕೇಳ್ತಿರೋದು, ಬ್ಯಾರೆ ಏನಿಲ್ಲ’ ಅಂತ ಸೇರಿಸಿದ.

ತಮಾಷೆ ಮಾಡಿ ಕಳಿಸೋಣ ಅಂದುಕೊಂಡೆ. ನನಗೆ ತಮಾಷೆ ಬರುತ್ತದೆ, ಇಷ್ಟು ಹೊತ್ತು ಅದನ್ನೇ ಮಾಡಿಕೊಂಡು ಬಂದಿದ್ದೇನೆ. ಬಾಯಿ ತೆರೆದರೆ ಬೇರೆಯೇ ಬಂತು.

‘ಮೊದಲನೇ ಬಸಿರು ನಿಲ್ಲಲಿಲ್ಲ ದೊಡ್ಡಪ್ಪ’ ಅಂದೆ. ‘ಆಸ್ಪತ್ರೆಯಿಂದ ಕರ್ಕಂಡು ಬಂದ್ರು. ಮನೇಲಿ ಯಾರೂ ಆ ಮಾತೇ ಎತ್ಲಿಲ್ಲ. ನಂಗೆ ನೋವಾಗ್ತೈತೆ ಅಂತಲೇ ಎತ್ಲಿಲ್ವೇನೋ. ಹೊಲದಿಂದ ಈರುಳ್ಳಿ ಬಂದು ಬಿದ್ದಿತ್ತು. ಎಲ್ಲಾರೂ ಜುಟ್ಟು ಕೊಯ್ತಾ ಕೂತಿದ್ರು, ನಾನೂ ಕೂತೆ. ಕಣ್ಣಲ್ಲಿ ನೀರು ಸುರೀತಿತ್ತು. ಈರುಳ್ಳಿಗೆ ಅಂದ್ಕಂಡ್ರು.’

ಇಷ್ಟು ವರ್ಷ ನನ್ನ ಗಂಡನಿಗೂ ಹೇಳದ ಮಾತು ಅದು. ಅಷ್ಟರಲ್ಲಿ ದೊಡ್ಡಪ್ಪನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಕಿವಿಗಿಟ್ಟುಕೊಂಡ, ದೊಡ್ಡಮ್ಮನ ದನಿ ನನಗೂ ಕೇಳುವಷ್ಟು ಜೋರಾಗಿತ್ತು. ‘ಪೆಟ್ಟಿಗೆಯಿಂದ ಹೊರಗೆ ಬರ್ತಾ ಅವೆ. ಎಲ್ಲಾ ಬರ್ತಾ ಅವೆ. ಗರಿ ಮೇಲೆ ಮುತ್ಕಂಡವೆ, ಎದ್ದು ಹೋಗಂಗೆ ಕಾಣ್ತವೆ. ನೀರು ಎರಚ್ಲಾ? ಏನು ಮಾಡ್ಲಿ ಹೇಳು, ನಂಗೆ ಕೈಕಾಲು ಆಡ್ತಿಲ್ಲ. ಬೇಗ ಹೇಳು.’

ನಾನು ಎದ್ದು ನಿಂತೆ. ನೀರು ಎರಚಿದರೆ ಕೂರುತ್ತವೆ, ಗೋಣಿತಟ್ಟು ನೆನೆಸಿ ಹೊದಿಸಿದರೆ ಕೂರುತ್ತವೆ, ಇದೆಲ್ಲ ಅವನೇ ನನಗೆ ಹೇಳಿಕೊಟ್ಟಿದ್ದು. ಹೇಳು ದೊಡ್ಡಪ್ಪ, ಹೇಳು ಎಂದು ಕೈಸನ್ನೆ ಮಾಡಿದೆ.

‘ಹೋದ್ರೆ ಹೋಗ್ಲಿ ಬಿಡು’ ಅಂದ ದೊಡ್ಡಪ್ಪ ಫೋನಿಗೆ, ಬಹಳ ಮೆತ್ತಗೆ. ‘ಇಲ್ಲಿ ಮಗು ಮಾತಾಡ್ತಾ ಐತೆ.’

ಫೋನನ್ನು ಆರಿಸಿ ಟೀಪಾಯಿಯ ಮೇಲೆ ಬೋರಲು ಹಾಕಿದ. ಕುರ್ಚಿಯ ತುದಿಯಿಂದ ಹಿಂದಕ್ಕೆ ಸರಿದು ಪೂರ್ತಿ ಕೂತ.

‘ಕುಂತ್ಕ. ಈರುಳ್ಳಿ ಕೊಯ್ತಾ ಕೂತಿದ್ದೆ’ ಅಂದ. ‘ಆಮೇಲೆ?’